ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಹೋದ ಹಿರಿಯರ ಊರು ಹುಡುಕುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಿನೆಸೋಟ, ಷಿಕಾಗೊ ಕಡೆ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಸ್ವೀಡನ್ ಮೂಲದ ಸೊಸೆಯೋ ಅಳಿಯನೋ ಇದ್ದರೆ, ಒಂದಲ್ಲ ಒಂದು ದಿನ ಮೊಮ್ಮಕ್ಕಳು ಶಾಲೆಯಿಂದ ವಂಶವೃಕ್ಷ ಬರೆಯುವ ಹೋಂವರ್ಕ್ ತರುತ್ತಾರೆ. ನಮ್ಮ ಕಡೆಯದು ಫೋನ್ ಮಾಡಿ ಕೇಳಿದರೆ ಸಿಗುತ್ತದೆ. ಆ ಕಡೆಯದು ಮುತ್ತಜ್ಜನ ಹತ್ತಿರ ಬಂದು ನಿಂತುಬಿಡುತ್ತದೆ. "ಜಾನ್ಸನ್, ಸ್ವೀಡನ್ನಿನಲ್ಲಿ ಹುಟ್ಟಿದವರು." ಅಷ್ಟೇ.

ನನ್ನ ಅಳಿಯನ ಮನೆತನದಲ್ಲೂ ಇದೇ ಆಗಿತ್ತು. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಮ್ಯುಟೇಶನ್ ರಿಜಿಸ್ಟರುಗಳ ನಡುವೆ ನೌಕರಿ ಮುಗಿಸಿದವನು ನಾನು. ಹಳೇ ದಾಖಲೆ ಕಂಡರೆ ಹೆದರಿಕೆ ಇಲ್ಲ. ಆದರೂ ಮೊದಲ ಸಲ ತಪ್ಪಿದೆ. ಆಮೇಲೆ ದಾರಿ ಗೊತ್ತಾಯಿತು. ಈಗ ಪರಿಚಯದವರು ಕೇಳಿಕೊಂಡು ಬರುತ್ತಾರೆ, ಅವರೂ ಅದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಹೆಸರೊಂದನ್ನು ಹಿಡಿದುಕೊಂಡು ನೇರವಾಗಿ ಸ್ವೀಡನ್ನಿನ ದಾಖಲೆಗೆ ಇಳಿದಿರುತ್ತಾರೆ. ಅಲ್ಲಿ ಒಂದೇ ಹೆಸರಿನವರು ಸಾವಿರಾರು ಮಂದಿ.

ಅದಕ್ಕೆ ಇಡೀ ಕೆಲಸದ ಕಟ್ಟಳೆ ಇಷ್ಟು: ಅಮೆರಿಕದ ದಾಖಲೆಗಳಿಂದ ಹುಟ್ಟಿದ ದಿನ ಮತ್ತು ಪ್ಯಾರಿಷ್ ಎರಡೂ ಸಿಗುವವರೆಗೆ ಸ್ವೀಡನ್ನಿಗೆ ಕಾಲಿಡಬೇಡಿ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪು. ನಮ್ಮ ಹೋಬಳಿ ಅಂದುಕೊಳ್ಳಿ. ಸ್ವೀಡನ್ನಿನಲ್ಲಿ ಇಂಥವು ಸುಮಾರು ಎರಡೂವರೆ ಸಾವಿರ ಇದ್ದವು. ಹಳೇ ಲೆಕ್ಕವೆಲ್ಲ ಅಲ್ಲೇ ಇದೆ.

ಶುರು ಮಾಡುವ ಮುಂಚೆ ಬೇಕಾದವು

ಒಂದು ನೋಟ್‌ಬುಕ್ಕು ಅಥವಾ ಎಕ್ಸೆಲ್ ಹಾಳೆ. ಅದರಲ್ಲಿ ಐದು ಕಾಲಂ ಹಾಕಿ: ಏನು ಸಿಕ್ಕಿತು, ಯಾವ ದಾಖಲೆಯಲ್ಲಿ, ಎಷ್ಟನೇ ಪುಟದಲ್ಲಿ, ಯಾವ ದಿನ ನೋಡಿದಿರಿ, ಎಷ್ಟು ನಂಬಬಹುದು. ಕೊನೆಯ ಕಾಲಂ ಬಿಟ್ಟವರೇ ಜಾಸ್ತಿ ಒದ್ದಾಡುತ್ತಾರೆ.

ಫ್ಯಾಮಿಲಿಸರ್ಚ್ ವೆಬ್‌ಸೈಟಿನ ಖಾತೆ ತೆರೆಯಿರಿ, ಅದು ಉಚಿತ. ಆನ್ಸೆಸ್ಟ್ರಿ ಎಂಬ ಇನ್ನೊಂದು ವಂಶಾವಳಿ ವೆಬ್‌ಸೈಟಿಗೆ ದುಡ್ಡು ಕೊಡಬೇಕು. ಆದರೆ ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂತು ಅದನ್ನು ಸುಮ್ನೆ ನೋಡಬಹುದು, ಮೊದಲು ಅಲ್ಲಿ ವಿಚಾರಿಸಿ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹ ರಿಕ್ಸ್‌ಆರ್ಕೀವೆಟ್. ಅವರು ಸ್ಕ್ಯಾನ್ ಮಾಡಿದ ಪುಟಗಳನ್ನು 2018ರಿಂದ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಆರ್ಕೀವ್ ಡಿಜಿಟಲ್ ಎಂಬ ಖಾಸಗಿ ಸೇವೆಯಲ್ಲಿ ಅದೇ ಪುಸ್ತಕಗಳ ಬಣ್ಣದ ಫೋಟೊ ಇವೆ. ಮಾಸಿದ ಶಾಯಿ ಓದಲು ಅದೇ ಲೇಸು. ಆದರೆ ಅದಕ್ಕೆ ಈಗಲೇ ಚಂದಾ ಕಟ್ಟಬೇಡಿ. ಏಳನೇ ಹಂತಕ್ಕೆ ಬಂದ ಮೇಲೆ ಕಟ್ಟಿದರೆ ಸಾಕು.

ಸ್ವೀಡಿಷ್ ಬರಬೇಕಾಗಿಲ್ಲ. ಐವತ್ತು ಪದ ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಫ್ಯಾಮಿಲಿಸರ್ಚ್ ವಿಕಿಯಲ್ಲಿ ವಂಶಾವಳಿಗೆ ಬೇಕಾದ ಸ್ವೀಡಿಷ್ ಪದಗಳ ಪಟ್ಟಿ ಇದೆ, ಅದನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಫೋನಿಗೆ ಸ್ವೀಡಿಷ್ ಕೀಬೋರ್ಡ್ ಹಾಕಿಕೊಳ್ಳಿ. ಆ ಭಾಷೆಯಲ್ಲಿ ಮೂರು ಹೆಚ್ಚಿನ ಅಕ್ಷರಗಳಿವೆ: ತಲೆ ಮೇಲೆ ಸೊನ್ನೆ ಇರುವ 'ಎ', ತಲೆ ಮೇಲೆ ಎರಡು ಚುಕ್ಕೆ ಇರುವ 'ಎ', ಎರಡು ಚುಕ್ಕೆಯ 'ಒ'. ಇವು ವರ್ಣಮಾಲೆಯಲ್ಲಿ 'ಝಡ್' ಆದ ಮೇಲೆ ಬರುತ್ತವೆ. ಊರಿನ ಪಟ್ಟಿಯಲ್ಲಿ ಮೊದಲ ಪುಟ ನೋಡಿ "ಇಲ್ಲ" ಅಂತ ಬಿಟ್ಟವರು ಕೊನೆಯ ಪುಟ ನೋಡಿರುವುದಿಲ್ಲ.

ಹಂತ 1: ಮನೆಯಲ್ಲಿ ಇರುವುದನ್ನು ಹೊರಗೆ ತೆಗೆಸಿ

ಬೀಗರ ಮನೆಯ ಅತಿ ಹಿರಿಯರನ್ನು ಮೊದಲು ಮಾತಾಡಿಸಿ. "ಯಾವ ಊರು" ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಹೀಗೆ ಕೇಳಿ: ಯಾವ ಚರ್ಚಿಗೆ ಹೋಗುತ್ತಿದ್ದರು? ಎಲ್ಲಿ ಮಣ್ಣು ಮಾಡಿದರು? ಅಮೆರಿಕಕ್ಕೆ ಬಂದಾಗ ಮೊದಲು ಯಾರ ಮನೆಯಲ್ಲಿ ಇಳಿದರು? ಜೊತೆಗೆ ಯಾರು ಬಂದರು? ಅಣ್ಣತಮ್ಮ ಅಕ್ಕತಂಗಿಯರ ಹೆಸರು ಒಂದಾದರೂ ನೆನಪಿದೆಯಾ?

ಆಮೇಲೆ ಸಾಮಾನು ನೋಡಿ. ಬೈಬಲ್ಲಿನ ಮೊದಲ ಖಾಲಿ ಹಾಳೆ, ಸ್ತೋತ್ರದ ಪುಸ್ತಕ, ಲಕೋಟೆಯ ಮೇಲಿನ ಅಂಚೆ ಮುದ್ರೆ, ಚರ್ಚ್ ಕೊಟ್ಟ ಯಾವುದಾದರೂ ಸರ್ಟಿಫಿಕೇಟು. ಹಳೇ ಫೋಟೊಗಳನ್ನು ರಟ್ಟಿಗೆ ಅಂಟಿಸಿರುತ್ತಾರೆ. ಆ ರಟ್ಟಿನ ಕೆಳಗೋ ಹಿಂದೆಯೋ ಸ್ಟುಡಿಯೊ ಹೆಸರು, ಊರು ಅಚ್ಚಾಗಿರುತ್ತದೆ. ಸ್ವೀಡನ್ನಿನಲ್ಲಿ ಉಳಿದ ಅಪ್ಪ ಅಮ್ಮ ಕಳಿಸಿದ ಫೋಟೊ ಆಗಿದ್ದರೆ ಸ್ಟುಡಿಯೊ ಇದ್ದ ಪೇಟೆ ಅವರ ಹಳ್ಳಿಗೆ ಹತ್ತಿರದ್ದೇ ಇರುತ್ತದೆ. ಫೋಟೊವನ್ನು ಫ್ರೇಮಿನಿಂದ ಬಿಡಿಸಿ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ.

ತಪ್ಪು ಆಗುವ ಜಾಗ: ನಕಲು ಮಾಡುವಾಗ ಸ್ಪೆಲಿಂಗ್ "ಸರಿ" ಮಾಡುವುದು. ಬರೆದಿರುವುದನ್ನು ಬರೆದ ಹಾಗೇ ಇಳಿಸಿ. ನಿಮಗೆ ತಪ್ಪು ಅನ್ನಿಸಿದ್ದೇ ಊರಿನ ಸುಳಿವು ಆಗಿರಬಹುದು.

ಎಚ್ಚರಿಕೆ: "ನಾವು ಗೋಥೆನ್‌ಬರ್ಗಿನವರು" ಅಂತ ಮನೆಯಲ್ಲಿ ಹೇಳಿದರೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಬಹಳ ಮಂದಿ ಹಡಗು ಹತ್ತಿದ್ದು ಅಲ್ಲಿ. ಹುಟ್ಟಿದ ಊರು ಮರೆತುಹೋಗಿ ಬಂದರಿನ ಹೆಸರು ಉಳಿದಿರುತ್ತದೆ.

ಹಂತ 2: ಸಾವಿನಿಂದ ಹಿಂದಕ್ಕೆ ಬನ್ನಿ

ಅಮೆರಿಕದ ದಾಖಲೆಗಳನ್ನು ಹಿಂದಿನಿಂದ ಮುಂದಕ್ಕೆ ಅಲ್ಲ, ಮುಂದಿನಿಂದ ಹಿಂದಕ್ಕೆ ನೋಡಬೇಕು. ಸತ್ತ ವರ್ಷ, ಕೌಂಟಿ (ಅಮೆರಿಕದ ಜಿಲ್ಲೆ) ಗೊತ್ತಾದರೆ ಡೆತ್ ಸರ್ಟಿಫಿಕೇಟು, ಪತ್ರಿಕೆಯ ನಿಧನ ವಾರ್ತೆ, ಗೋರಿಕಲ್ಲು ಈ ಮೂರನ್ನು ತರಿಸಿ. ನಿಧನ ವಾರ್ತೆ ಸ್ವೀಡಿಷ್ ಭಾಷೆಯ ಪತ್ರಿಕೆಯಲ್ಲಿ ಬಂದಿದ್ದರೆ ಅದೃಷ್ಟ, ಅದರಲ್ಲಿ ಪ್ಯಾರಿಷ್ ಹೆಸರು ಕೊಡುವ ರೂಢಿ ಇತ್ತು. ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಡಿಜಿಟಲ್ ಸಂಗ್ರಹದಲ್ಲಿ ಅಮೆರಿಕದ ಸ್ವೀಡಿಷ್ ಪತ್ರಿಕೆಗಳನ್ನು ಹುಡುಕಬಹುದು.

ಮುಂದಿನದು ಜನಗಣತಿ. ಹತ್ತು ವರ್ಷಕ್ಕೊಂದು ಸಲ ನಡೆದಿದೆ. 1900ರದ್ದು ನಮಗೆ ಬಹಳ ಮುಖ್ಯ. ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ ಎಲ್ಲವೂ ಅದರಲ್ಲಿವೆ. ತಾಯಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ ಅನ್ನುವುದೂ ಇದೆ. 1910, 1920ರಲ್ಲಿ ಮಾತೃಭಾಷೆಯ ಕಾಲಂ ಇದೆ. ಅದನ್ನು ತಪ್ಪದೇ ನೋಡಿ. ಭಾಷೆ ಸ್ವೀಡಿಷ್, ಹುಟ್ಟಿದ್ದು ಫಿನ್‌ಲ್ಯಾಂಡ್ ಅಂತ ಇದ್ದರೆ ನೀವು ಇಷ್ಟು ದಿನ ತಪ್ಪು ದೇಶದಲ್ಲಿ ಹುಡುಕಿದ್ದೀರಿ. ಫಿನ್‌ಲ್ಯಾಂಡಿನ ಕರಾವಳಿಯಲ್ಲಿ ಸ್ವೀಡಿಷ್ ಮಾತಾಡುವವರು ಬಹಳ ಇದ್ದಾರೆ.

1890ರ ಜನಗಣತಿ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. 1921ರ ಬೆಂಕಿಯಲ್ಲಿ ಅದರ ಬಹುಪಾಲು ಹಾಳಾಯಿತು. ಮಿನೆಸೋಟದವರಾದರೆ ಆ ರಾಜ್ಯ ತಾನೇ ಮಾಡಿಸಿದ 1885, 1895, 1905ರ ಜನಗಣತಿ ಆ ಜಾಗ ತುಂಬುತ್ತದೆ.

ಪೌರತ್ವದ ಕಾಗದದಲ್ಲಿ ಒಂದು ಗಡಿ ನೆನಪಿಡಿ: 1906ರ ಸೆಪ್ಟೆಂಬರ್ 27. ಅದಕ್ಕೆ ಮುಂಚಿನ ಕಾಗದದಲ್ಲಿ ಹೆಸರು, "ಸ್ವೀಡನ್ ರಾಜನ ಪ್ರಜೆ" ಅನ್ನುವ ಮಾತು, ಇನ್ನು ಹೆಚ್ಚೇನೂ ಇರುವುದಿಲ್ಲ. ಆಮೇಲಿನದರಲ್ಲಿ ಹುಟ್ಟಿದ ದಿನ, ಊರು, ಬಂದ ಹಡಗು ಎಲ್ಲ ಬರುತ್ತದೆ. ಹೆಂಗಸರ ಕಾಗದ ಸಿಗದಿದ್ದರೆ ಕಳೆದುಹೋಗಿದೆ ಅಂದುಕೊಳ್ಳಬೇಡಿ. 1922ರವರೆಗೆ ಗಂಡನಿಗೆ ಪೌರತ್ವ ಬಂದರೆ ಹೆಂಡತಿಗೂ ತಾನಾಗಿ ಬರುತ್ತಿತ್ತು. ಅವರ ಹೆಸರಲ್ಲಿ ಬೇರೆ ಅರ್ಜಿಯೇ ಇರುತ್ತಿರಲಿಲ್ಲ.

ಇನ್ನೂ ಮೂರು ಕಡೆ ಕೈ ಹಾಕಿ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸರ್ಕಾರಿ ಜಮೀನು ಪಡೆದ ರೈತರಾಗಿದ್ದರೆ ಅವರ ಕಡತ ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿದೆ. ವಲಸೆ ಬಂದವರ ಕಡತದಲ್ಲಿ ಪೌರತ್ವದ ನಕಲು ಸೇರಿಸಿರುತ್ತಾರೆ. ಗಂಡಸರಾದರೆ 1917ರ ಮತ್ತು 1942ರ ಸೇನಾ ನೋಂದಣಿ ಕಾರ್ಡು ನೋಡಿ, ಎರಡರಲ್ಲೂ ಹುಟ್ಟಿದ ಊರು ಕೇಳಿದ್ದಾರೆ. 1936ರ ನಂತರ ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರದ ಪಿಂಚಣಿ ಯೋಜನೆಗೆ, ಅರ್ಜಿ ಹಾಕಿದ್ದರೆ ಅದರಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತದೆ.

ಹಂತ 3: ಅಮೆರಿಕದ ಸ್ವೀಡಿಷ್ ಚರ್ಚಿನ ಪುಸ್ತಕ

ಎಲ್ಲಾ ಹಂತಗಳಲ್ಲಿ ಇದನ್ನೇ ಜನ ಬಿಟ್ಟುಬಿಡುವುದು. ಬಾಗಿಲು ತೆರೆಯುವುದೂ ಇದೇ.

ಸ್ವೀಡನ್ನಿನಿಂದ ಬಂದವರು ಅಮೆರಿಕದಲ್ಲಿ ತಮ್ಮದೇ ಚರ್ಚುಗಳನ್ನು ಕಟ್ಟಿಕೊಂಡರು. ದೊಡ್ಡದು 1860ರಲ್ಲಿ ಶುರುವಾದ ಲೂಥರನ್ ಒಕ್ಕೂಟ, ಆಗಸ್ಟಾನಾ ಸಿನೋಡ್. ಅಲ್ಲಿನ ಪಾದ್ರಿಗಳು ತಾಯ್ನಾಡಿನ ಪದ್ಧತಿಯಲ್ಲೇ, ಸ್ವೀಡಿಷ್ ಭಾಷೆಯಲ್ಲೇ ಸದಸ್ಯರ ಪುಸ್ತಕ ಬರೆದರು. ಬೇರೆ ಯಾವ ಅಮೆರಿಕನ್ ಗುಮಾಸ್ತನಿಗೂ ಸ್ವೀಡನ್ನಿನ ಒಂದು ಹಳ್ಳಿಯ ಹೆಸರು ಬೇಕಿರಲಿಲ್ಲ. "ಸ್ವೀಡನ್" ಅಂತ ಬರೆದು ಮುಂದಿನವರನ್ನು ಕರೆಯುತ್ತಿದ್ದ. ಪಾದ್ರಿಗೆ ಹಾಗಲ್ಲ. ಅವನಿಗೂ ಅದೇ ನಾಡು, ಅದೇ ಭಾಷೆ. ಹುಟ್ಟಿದ ದಿನ, ಪ್ಯಾರಿಷ್, ಅಮೆರಿಕಕ್ಕೆ ಬಂದ ವರ್ಷ ಕೇಳಿ ಬರೆದುಕೊಳ್ಳುತ್ತಿದ್ದ. ನನ್ನ ಅಳಿಯನ ಮುತ್ತಜ್ಜಿಯ ಬಗ್ಗೆ ಸರ್ಕಾರದ ಹನ್ನೊಂದು ಕಾಗದ ಸಿಕ್ಕಿದ್ದವು. ಒಂದರಲ್ಲೂ ಊರಿಲ್ಲ. ಚರ್ಚಿನ ಪುಸ್ತಕದ ಒಂದು ಸಾಲಿನಲ್ಲಿ ದಿನ, ಪ್ಯಾರಿಷ್ ಎರಡೂ ಇದ್ದವು.

ಮಾಡುವುದು ಹೀಗೆ. ಜನಗಣತಿಯಲ್ಲಿ ಅವರು ಇದ್ದ ಊರು ನೋಡಿ. ಮದುವೆ ಸರ್ಟಿಫಿಕೇಟಿನಲ್ಲಿ, ನಿಧನ ವಾರ್ತೆಯಲ್ಲಿ ಪಾದ್ರಿಯ ಹೆಸರು ಇದ್ದರೆ ಅವನು ಯಾವ ಚರ್ಚಿನವನು ಅಂತ ಹುಡುಕಿ. ಆಮೇಲೆ ಆ ಚರ್ಚಿನ ಪುಸ್ತಕ. ಆನ್ಸೆಸ್ಟ್ರಿಯಲ್ಲಿ ಸ್ವೀಡಿಷ್ ಅಮೆರಿಕನ್ ಲೂಥರನ್ ಚರ್ಚುಗಳ ದೊಡ್ಡ ಸಂಗ್ರಹ ಇದೆ. ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡಿನಲ್ಲಿರುವ ಆಗಸ್ಟಾನಾ ಕಾಲೇಜಿನ ಸ್ವೆನ್ಸನ್ ಕೇಂದ್ರದಲ್ಲಿ ಈ ಪುಸ್ತಕಗಳ ಮೈಕ್ರೊಫಿಲ್ಮ್ ಇವೆ. ಅವರಿಗೆ ಬರೆದು ಕೇಳಬಹುದು.

ಸ್ವೀಡನ್ನಿನವರೆಲ್ಲ ಲೂಥರನ್ನರಾಗಿಯೇ ಉಳಿಯಲಿಲ್ಲ. ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಮಿಷನ್ ಕವೆನೆಂಟ್ ಚರ್ಚುಗಳಿಗೂ ಸೇರಿದರು. ಲೂಥರನ್ ಪುಸ್ತಕದಲ್ಲಿ ಇಲ್ಲದಿದ್ದರೆ ಊರಿನಲ್ಲಿದ್ದ ಉಳಿದ ಸ್ವೀಡಿಷ್ ಚರ್ಚುಗಳನ್ನೂ ನೋಡಿ. ಇವರದು ಸಿಗದಿದ್ದರೆ ಇವರ ಅಣ್ಣನದು, ತಂಗಿಯದು ನೋಡಿ. ಒಂದೇ ಮನೆಯವರು ಸಾಮಾನ್ಯವಾಗಿ ಹತ್ತಿರ ಹತ್ತಿರದ ಪ್ಯಾರಿಷ್‌ಗಳಲ್ಲೇ ಹುಟ್ಟಿರುತ್ತಾರೆ.

ಹಂತ 4: ಅಮೆರಿಕದ ಹೆಸರನ್ನು ಸ್ವೀಡನ್ನಿನ ಹೆಸರಾಗಿ ತಿರುಗಿಸಿ

ಇದು ಬಿಳಿಯರಿಗಿಂತ ನಮಗೆ ಬೇಗ ಅರ್ಥವಾಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ ಇರುತ್ತವೆ. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂ ಬಂತು, ಅಪ್ಪನ ಹೆಸರು ತುಂಬಿದೆವು. ಅಮೆರಿಕಕ್ಕೆ ಹೋದ ಮಗನನ್ನು ಅಲ್ಲಿ ಎಲ್ಲರೂ ಅಪ್ಪನ ಹೆಸರಲ್ಲೇ ಕರೆದರು. ಮೊಮ್ಮಗನಿಗೂ ಅದೇ ಕುಲನಾಮ ಆಯಿತು. ಸ್ವೀಡನ್ನಿನವರಿಗೂ ಆದದ್ದು ಇದೇ ಅಲ್ವಾ?

ಹಳ್ಳಿಯ ಸ್ವೀಡನ್ನಿನಲ್ಲಿ ಆಂಡೆರ್ಸ್ ಎಂಬುವನ ಮಗ ಆಂಡೆರ್ಸನ್, ಮಗಳು ಆಂಡೆರ್ಸ್‌ದೊತ್ತೆರ್. 'ದೊತ್ತೆರ್' ಅಂದರೆ ಮಗಳು. ಆ ಮಗನ ಹೆಸರು ಕಾರ್ಲ್ ಆಗಿದ್ದರೆ ಅವನ ಮಕ್ಕಳು ಕಾರ್ಲ್‌ಸನ್. ತಲೆಮಾರಿಗೊಂದು ಹೆಸರು. ಹೆಂಗಸರು ಮದುವೆಯಾದ ಮೇಲೂ ತಮ್ಮಪ್ಪನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಮನೆತನಕ್ಕೆ ಕಾಯಂ ಹೆಸರು ಬೇಕು ಅನ್ನುವ ನಿಯಮ ಬಂದದ್ದು 1901ರಲ್ಲಿ. ಹಾಗಾಗಿ ಅಮೆರಿಕದಲ್ಲಿ "ಕ್ರಿಸ್ಟೀನ್ ಆಂಡರ್ಸನ್" ಅಂತ ಇದ್ದವರನ್ನು ಅಲ್ಲಿ "ಶೆಶ್ಟಿನ್ ಆಂಡೆರ್ಸ್‌ದೊತ್ತೆರ್" ಅಂತ ಹುಡುಕಬೇಕು. ಅವರ ಅಪ್ಪನನ್ನು ಆಂಡರ್ಸನ್ ಅಂತ ಹುಡುಕಿದರೆ ಸಿಗುವುದಿಲ್ಲ. ಅಪ್ಪನ ಮೊದಲ ಹೆಸರು ಆಂಡೆರ್ಸ್ ಅನ್ನುವುದಷ್ಟೇ ನಿಮಗೆ ಗೊತ್ತಾಗಿರುವುದು.

ಮೊದಲ ಹೆಸರುಗಳೂ ಬದಲಾಗುತ್ತಿದ್ದವು. ಕಾರ್ಲ್ ಚಾರ್ಲ್ಸ್ ಆದ. ಯೂಹಾನ್ ಜಾನ್ ಆದ, ಆಂಡೆರ್ಸ್ ಆಂಡ್ರ್ಯೂ ಆದ, ಪೆರ್ ಪೀಟರ್ ಆದ. ಲಾರ್ಸ್ ಇದ್ದವನು ಲೂಯಿಸೋ ಲಾರೆನ್ಸೋ ಆಗಿರಬಹುದು. ನಿಲ್ಸನ್ ನೆಲ್ಸನ್ ಆಯಿತು. ಬೆಂಗ್ಟ್‌ಸನ್ ಅನ್ನುವುದು ಬೆನ್ಸನ್ ಆಯಿತು. ಯೂಹಾನ್ಸನ್, ಯೋನ್ಸನ್, ಯೂನ್ಸನ್ ಎಲ್ಲ ಸೇರಿ ಒಂದೇ ಜಾನ್ಸನ್ ಆದವು.

ಇನ್ನೊಂದು ಗುಂಪು ಸಿಪಾಯಿಗಳದು. ಒಂದೇ ಹೆಸರಿನ ಹತ್ತು ಮಂದಿ ಸಾಲಿನಲ್ಲಿ ನಿಂತರೆ ಗೊಂದಲ ಅಂತ ಸೇನೆ ಅವರಿಗೆ ಚಿಕ್ಕ ಹೆಸರು ಕೊಡುತ್ತಿತ್ತು: ರಾಸ್ಕ್ ಅಂದರೆ ಚುರುಕು, ಸ್ತೋಲ್ ಅಂದರೆ ಉಕ್ಕು. ಮಗ ಆ ಹೆಸರು ಇಟ್ಟುಕೊಂಡಿರಬಹುದು, ಬಿಟ್ಟಿರಲೂಬಹುದು. ಒಂದೇ ತಾಯಿಯ ಇಬ್ಬರು ಮಕ್ಕಳು ಅಮೆರಿಕದಲ್ಲಿ ಬೇರೆ ಬೇರೆ ಕುಲನಾಮ ಇಟ್ಟುಕೊಂಡ ಉದಾಹರಣೆಗಳೂ ಇವೆ.

ಪೂರ್ತಿ ಹೊಸ ಹೆಸರು ಇಟ್ಟುಕೊಂಡವರೂ ಇದ್ದಾರೆ. 1927ರಲ್ಲಿ ಒಬ್ಬರೇ ವಿಮಾನ ಹಾರಿಸಿಕೊಂಡು ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಅಜ್ಜ ಸ್ವೀಡನ್ನಿನಲ್ಲಿ ಊಲ ಮೋನ್ಸನ್ ಆಗಿದ್ದರು. ಸಂಸತ್ತಿನ ಸದಸ್ಯರೂ ಆಗಿದ್ದರು. 1859ರಲ್ಲಿ ದೇಶ ಬಿಟ್ಟು ಮಿನೆಸೋಟಕ್ಕೆ ಬಂದು ಆಗಸ್ಟ್ ಲಿಂಡ್‌ಬರ್ಗ್ ಆದರು. ಕಾರ್ಮಿಕರ ಹಾಡುಗಳಿಗೆ ಹೆಸರಾದ ಜೋ ಹಿಲ್, 1879ರಲ್ಲಿ ಯೆವ್ಲೆ ಊರಿನಲ್ಲಿ ಹುಟ್ಟಿದಾಗ ಹೆಗ್ಲುಂಡ್ ಮನೆತನದ ಯೂಯೆಲ್. ಇಂಥವರನ್ನು ಕುಲನಾಮದಿಂದ ಯಾವತ್ತೂ ಹಿಡಿಯಲಾಗದು. ಹುಟ್ಟಿದ ದಿನ ಮಾತ್ರ ಬದಲಾಗಿರುವುದಿಲ್ಲ.

ಎಚ್ಚರಿಕೆ: "ಎಲ್ಲಿಸ್ ಐಲ್ಯಾಂಡಿನಲ್ಲಿ ಅಧಿಕಾರಿ ಹೆಸರು ಬದಲಿಸಿದ" ಅನ್ನುವ ಕಥೆ ಬಹಳ ಮನೆಗಳಲ್ಲಿದೆ. ಎಲ್ಲಿಸ್ ಐಲ್ಯಾಂಡ್ ಅಂದರೆ ಹಡಗಿನಲ್ಲಿ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ವಲಸೆ ಕೇಂದ್ರ. ಅಲ್ಲಿನ ಅಧಿಕಾರಿಗಳು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹಡಗಿನವರು ತಂದ ಪಟ್ಟಿ ನೋಡಿ ಪ್ರಶ್ನೆ ಕೇಳುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ ಕೆಲಸದ ಜಾಗದಲ್ಲಿ, ಶಾಲೆಯಲ್ಲಿ, ತಾವಾಗಿಯೇ. ಅದಕ್ಕೆ ಹಡಗಿನ ಪಟ್ಟಿಯಲ್ಲಿ ಹಳೇ ಹೆಸರನ್ನೇ ಹುಡುಕಿ.

ಹಂತ 5: ಊರನ್ನು ಗಟ್ಟಿ ಮಾಡಿಕೊಳ್ಳಿ

ಸ್ವೀಡನ್ನಿನ ವಿಳಾಸಕ್ಕೆ ನಾಲ್ಕು ಪದರ. ಪ್ರಾಂತ, ಜಿಲ್ಲೆ, ಪ್ಯಾರಿಷ್, ಹೊಲಮನೆ. ಜಿಲ್ಲೆಗೆ ಅಲ್ಲಿ 'ಲೆನ್' ಅನ್ನುತ್ತಾರೆ. "ಸ್ಮೋಲಂಡ್" ಅಂತ ಸಿಕ್ಕರೆ ಊರು ಸಿಕ್ಕಿತು ಅಂತ ಕುಣಿಯಬೇಡಿ. ಅದು ನಾವು "ಮಲೆನಾಡು" ಅಂದ ಹಾಗೆ. ಯೋನ್‌ಶೋಪಿಂಗ್, ಕ್ರೋನೊಬೆರಿ, ಕಾಲ್ಮಾರ್ ಎಂಬ ಮೂರು ಜಿಲ್ಲೆಗಳು ಅದರಲ್ಲಿವೆ. "ಯೋನ್‌ಶೋಪಿಂಗ್" ಅಂತ ಸಿಕ್ಕರೂ ಪೇಟೆಯೋ ಜಿಲ್ಲೆಯೋ ಅಂತ ಕೇಳಿಕೊಳ್ಳಬೇಕು.

ಒಂದೇ ಹೆಸರಿನ ಪ್ಯಾರಿಷ್‌ಗಳೂ ಇವೆ. 'ಓಸ್' ಎಂಬ ಪ್ಯಾರಿಷ್ ಉತ್ತರದ ಯೆಮ್ಟ್‌ಲಂಡಿನಲ್ಲಿದೆ, ಸ್ಮೋಲಂಡಿನಲ್ಲಿದೆ, ಓಲಂಡ್ ದ್ವೀಪದಲ್ಲೂ ಇದೆ. ಜಿಲ್ಲೆ ಗೊತ್ತಾಗದೆ ಪುಸ್ತಕ ತೆರೆದರೆ ಬೇರೆ ಯಾರದೋ ಮನೆಗೆ ಹೋಗಿ ಕೂರುತ್ತೀರಿ. ಈ ಹಂತ ಒಂದು ಸಂಜೆಯ ಕೆಲಸ. ಮ್ಯಾಪು ಇಟ್ಟುಕೊಂಡು ಮಾಡಿ.

ಹಂತ 6: ಹಡಗಿನ ಪಟ್ಟಿ

ಎರಡು ಕಡೆ ಪಟ್ಟಿ ಇದೆ. ಅಮೆರಿಕದ ಕಡೆಯ ಪಟ್ಟಿಯನ್ನೇ ಎಲ್ಲರೂ ನೋಡುವುದು. ನ್ಯೂಯಾರ್ಕಿಗೆ 1855ರಿಂದ 1890ರವರೆಗೆ ಬಂದವರು ಇಳಿದದ್ದು ಕ್ಯಾಸಲ್ ಗಾರ್ಡನ್ನಿನಲ್ಲಿ. ಎಲ್ಲಿಸ್ ಐಲ್ಯಾಂಡ್ ಶುರುವಾದದ್ದು 1892ರ ಜನವರಿ 1ರಂದು. 1880ರಲ್ಲಿ ಬಂದ ಮುತ್ತಜ್ಜನನ್ನು ಎಲ್ಲಿಸ್ ಐಲ್ಯಾಂಡಿನ ಹೆಸರಲ್ಲಿ ಹುಡುಕಿ ಬೇಸತ್ತವರನ್ನು ನೋಡಿದ್ದೇನೆ. ಬಾಸ್ಟನ್, ಕೆನಡಾದ ಕ್ವಿಬೆಕ್ ಮೂಲಕ ಬಂದವರೂ ಕಡಿಮೆಯಿಲ್ಲ.

ನಿಮಗೆ ನಿಜವಾಗಿ ಬೇಕಾದದ್ದು ಸ್ವೀಡನ್ನಿನ ಕಡೆಯದು. ಗೋಥೆನ್‌ಬರ್ಗಿನ ಪೊಲೀಸ್ ಕಚೇರಿ 1869ರಿಂದ ಹೊರಟವರ ಪಟ್ಟಿ ಇಟ್ಟಿದೆ. ಹೆಸರು, ವಯಸ್ಸು, ಕಡೆಯದಾಗಿ ಇದ್ದ ಪ್ಯಾರಿಷ್, ಹೊರಟ ದಿನ, ಹೋಗುವ ಊರು. ಪಟ್ಟಿಯಲ್ಲಿ ಒಬ್ಬರ ಹೆಸರು ಸಿಕ್ಕರೆ ಹಿಂದೆ ಮುಂದೆ ಇಪ್ಪತ್ತು ಹೆಸರು ಓದಿ. ಅದೇ ಪ್ಯಾರಿಷ್‌ನ ನೆಂಟರು, ನೆರೆಹೊರೆಯವರು ಜೊತೆಯಲ್ಲೇ ಹೊರಟಿರುತ್ತಾರೆ.

ಇಲ್ಲೊಂದು ಬಲೆ ಇದೆ. ಆ ಪಟ್ಟಿಯ ಪ್ಯಾರಿಷ್ ಹುಟ್ಟಿದ್ದಲ್ಲ, ಕೊನೆಯದಾಗಿ ವಾಸವಿದ್ದದ್ದು. ಇಪ್ಪತ್ತರ ಹುಡುಗಿ ಕೂಲಿಗೆ ಅಂತ ಮೂರು ಪ್ಯಾರಿಷ್ ದಾಟಿ ಬಂದು ಅಲ್ಲಿಂದ ಹೊರಟಿರಬಹುದು.

ಬಹಳ ಮಂದಿ ಗೋಥೆನ್‌ಬರ್ಗಿನಿಂದ ಇಂಗ್ಲೆಂಡಿನ ಹಲ್ ಬಂದರಿಗೆ ಬಂದು, ರೈಲಿನಲ್ಲಿ ಲಿವರ್‌ಪೂಲಿಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತುತ್ತಿದ್ದರು. ಅದಕ್ಕೇ ಎರಡು ಕಡೆಯ ಪಟ್ಟಿಗಳಲ್ಲಿ ಹಡಗಿನ ಹೆಸರು ಬೇರೆ ಬೇರೆ ಇರುತ್ತದೆ. ಅದು ತಪ್ಪಲ್ಲ. ದಕ್ಷಿಣದ ಸ್ಕೋನೆಯವರು ಮಾಲ್ಮೋ ಅಥವಾ ಕೋಪನ್‌ಹೇಗನ್ನಿನಿಂದ ಹೊರಟರು. ಪಶ್ಚಿಮದ ವೆರ್ಮ್‌ಲಂಡಿನವರಿಗೆ ನಾರ್ವೆಯ ಬಂದರೇ ಹತ್ತಿರ. ಗೋಥೆನ್‌ಬರ್ಗಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಸುಮ್ಮನಾಗಬೇಡಿ.

ಹಂತ 7: ಪ್ಯಾರಿಷ್ ಪುಸ್ತಕದೊಳಗೆ

ನಮ್ಮಲ್ಲಿ ಹೆಳವರು ಊರೂರು ತಿರುಗಿ ಮನೆತನದ ವಂಶಾವಳಿ ಇಟ್ಟುಕೊಂಡ ಹಾಗೆ, ಅಲ್ಲಿ ಪ್ರತಿ ಮನೆಯ ಲೆಕ್ಕ ಇಟ್ಟವನು ಪಾದ್ರಿ. 1686ರ ಚರ್ಚ್ ಕಾನೂನು ಅವನಿಗೆ ಆ ಕೆಲಸ ಕೊಟ್ಟಿತು. 1991ರವರೆಗೂ ಜನರ ನೋಂದಣಿ ಚರ್ಚಿನ ಕೈಯಲ್ಲೇ ಇತ್ತು.

ಪುಸ್ತಕಗಳಿಗೆ ಇಂಗ್ಲಿಷ್ ಅಕ್ಷರದ ಗುರುತುಗಳಿವೆ. ಇದನ್ನು ತಿಳಿದುಕೊಂಡರೆ ಸ್ವೀಡಿಷ್ ಬಾರದವರೂ ಸರಿಯಾದ ಸಂಪುಟ ತೆರೆಯಬಹುದು. 'ಎ' ಅಂದರೆ ಮನೆವಾರು ಪುಸ್ತಕ. 'ಬಿ' ಬಂದವರು ಹೋದವರ ಪಟ್ಟಿ. 'ಸಿ' ಜನನ, 'ಇ' ಮದುವೆ, 'ಎಫ್' ಮರಣ.

ಮೊದಲು 'ಸಿ' ತೆರೆಯಿರಿ. ಹುಟ್ಟಿದ ದಿನಕ್ಕೆ ಹೋಗಿ. ದಿನಾಂಕ ಅಲ್ಲಿ ನಮ್ಮ ಹಾಗೆಯೇ: ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದಲ್ಲಿ ಬೆಳೆದ ಮಕ್ಕಳು 4/7 ನೋಡಿ ಏಪ್ರಿಲ್ 7 ಅಂದುಬಿಡುತ್ತಾರೆ. ಅದು ಜುಲೈ 4. ಈ ಒಂದು ಕಾರಣಕ್ಕೇ "ದಾಖಲೆ ಇಲ್ಲ" ಅಂತ ಕೈಬಿಟ್ಟಿದ್ದನ್ನು ಕಂಡಿದ್ದೇನೆ. ಜನನದ ಸಾಲಿನಲ್ಲಿ ಅಪ್ಪ ಅಮ್ಮನ ಹೆಸರು, ಹೊಲಮನೆಯ ಹೆಸರು, ಸಾಮಾನ್ಯವಾಗಿ ತಾಯಿಯ ವಯಸ್ಸು, ದೀಕ್ಷಾಸ್ನಾನಕ್ಕೆ ಬಂದ ಸಾಕ್ಷಿಗಳ ಹೆಸರು ಇರುತ್ತವೆ. ಹೊಲಮನೆಯ ಹೆಸರನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮುಂದಿನ ಪುಸ್ತಕದ ಕೀಲಿ ಅದೇ.

ಈಗ 'ಎ'. ಇದರ ಸ್ವೀಡಿಷ್ ಹೆಸರು ಹೂಸ್‌ಫೋರ್‌ಹೋರ್ಸ್‌ಲೆಂಗ್ಡ್. ಪಾದ್ರಿ ಮನೆಯವರಿಗೆಲ್ಲ ಧರ್ಮಪಾಠದ ಪರೀಕ್ಷೆ ಮಾಡಿ ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕ. ಸುಮಾರು 1895ರ ನಂತರ ಇದರ ಜಾಗಕ್ಕೆ ಫೋರ್ಸಾಮ್ಲಿಂಗ್ಸ್‌ಬುಕ್ ಎಂಬ ಪ್ಯಾರಿಷ್ ಪುಸ್ತಕ ಬಂತು. ನಮ್ಮ ರೇಷನ್ ಕಾರ್ಡಿನ ಹಾಗೆ ಇಡೀ ಕುಟುಂಬ ಒಂದೇ ಪುಟದಲ್ಲಿ. ಯಜಮಾನ, ಹೆಂಡತಿ, ಮಕ್ಕಳು, ಕೊನೆಗೆ ಆಳುಕಾಳು. ಪ್ರತಿಯೊಬ್ಬರ ಹುಟ್ಟಿದ ದಿನ, ಹುಟ್ಟಿದ ಪ್ಯಾರಿಷ್, ಎಲ್ಲಿಂದ ಬಂದರು, ಎಲ್ಲಿಗೆ ಹೋದರು. ಒಂದು ಸಂಪುಟ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದ್ದು. ಸೂಚಿ ಹೆಚ್ಚಾಗಿ ಜನರ ಹೆಸರಿನದಲ್ಲ, ಹೊಲಮನೆಯ ಹೆಸರಿನದು. ಅದಕ್ಕೇ ಮೊದಲು ಅದನ್ನು ಬರೆದಿಟ್ಟುಕೊಳ್ಳಿ ಅಂದೆ.

ಪುಟ ತೆರೆದಾಗ ಕೆಲವು ಹೆಸರುಗಳ ಮೇಲೆ ಗೀಟು ಎಳೆದಿರುತ್ತದೆ. ತಪ್ಪಾಗಿ ಬರೆದು ಹೊಡೆದುಹಾಕಿದ್ದು ಅಂದುಕೊಳ್ಳಬೇಡಿ. ಆ ವ್ಯಕ್ತಿ ಸತ್ತರು ಅಥವಾ ಊರು ಬಿಟ್ಟರು ಅಂತ ಅರ್ಥ. ನಿಮಗೆ ಬೇಕಾದವರು ಆ ಗೀಟಿನ ಕೆಳಗೇ ಇದ್ದಾರೆ. ಸಾಲಿನ ಕೊನೆಗೆ "ಎನ್. ಅಮೆರಿಕ" ಅಂತ ಚಿಕ್ಕದಾಗಿ ಇರುತ್ತದೆ. ಉತ್ತರ ಅಮೆರಿಕಕ್ಕೆ ಹೋದರು ಅಂತ. ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು 'ಬಿ' ಪುಸ್ತಕದ ಕ್ರಮಸಂಖ್ಯೆ. ಪಹಣಿಯಲ್ಲಿ ಮ್ಯುಟೇಶನ್ ನಂಬರ್ ನೋಡಿ ಆ ರಿಜಿಸ್ಟರಿಗೆ ಹೋದ ಹಾಗೆ ಇಲ್ಲೂ ಹೋಗಿ. ಹೊರಡುವ ಪರವಾನಗಿ ಪಾದ್ರಿ ಕೊಟ್ಟ ದಿನ ಅಲ್ಲಿ ಸಿಗುತ್ತದೆ.

ಹೆಸರಿನ ಮುಂದೆ ಇರುವ ಚಿಕ್ಕ ಗುರುತುಗಳು ಜನರನ್ನು ದಾರಿ ತಪ್ಪಿಸುತ್ತವೆ. 'ಡಿ' ಇದ್ದರೆ ಹೆಚ್ಚಾಗಿ ಮಗಳು. ಇಂಗ್ಲಿಷ್ ಬಲ್ಲವರು ಸತ್ತರು ಅಂತ ಓದಿಕೊಳ್ಳುತ್ತಾರೆ. 'ಎಸ್' ಮಗ, 'ಎಚ್' ಹೆಂಡತಿ. ಡ್ರೆಂಗ್ ಅಂದರೆ ಕೂಲಿಯಾಳು, ಪೀಗ ಅಂದರೆ ಕೆಲಸದ ಹುಡುಗಿ, ತೋರ್ಪಾರೆ ಅಂದರೆ ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು ದುಡಿದು ಕೊಡುವ ಗೇಣಿದಾರ. ಊಎಕ್ತ ಅಂದರೆ ಮದುವೆಯಾಗದ ತಾಯಿಯ ಮಗು. ಇದನ್ನು ಕಂಡರೆ ಮನೆಯ ಹಿರಿಯರಿಗೆ ಹೇಳುವಾಗ ಮೆದುವಾಗಿ ಹೇಳಿ. ಆ ತಾಯಿ ಅಮೆರಿಕಕ್ಕೆ ಹೊರಟದ್ದು ಏಕೆ ಅನ್ನುವುದು ಅಲ್ಲೇ ಇರಬಹುದು.

ಕೈಬರಹ ಓದಲಾಗದಿದ್ದರೆ ಅಕ್ಷರದೊಂದಿಗೆ ಗುದ್ದಾಡಬೇಡಿ. ಅದೇ ಪಾದ್ರಿ ಬರೆದ ಬೇರೆ ಪುಟದಲ್ಲಿ ನಿಮಗೆ ಗೊತ್ತಿರುವ ಹೆಸರು, ತಿಂಗಳು ಹುಡುಕಿ. ಅವನ 'ಕೆ' ಹೇಗಿದೆ, 'ಎಚ್' ಹೇಗಿದೆ ಅಂತ ಕಾಗದದಲ್ಲಿ ಬಿಡಿಸಿಕೊಳ್ಳಿ. ಎರಡು ದಿನದಲ್ಲಿ ಕಣ್ಣು ಪಳಗುತ್ತದೆ.

ಹಂತ 8: ದಾರಿ ಮುರಿದರೆ

ಪಾದ್ರಿಯ ಪುಸ್ತಕದಲ್ಲಿ ಹೋದ ಗುರುತೇ ಇಲ್ಲ. ಆದರೂ ಮನುಷ್ಯ ಅಮೆರಿಕದಲ್ಲಿದ್ದಾನೆ. ಇದು ಆಗುತ್ತದೆ. ಸೇನೆಯ ಕಡ್ಡಾಯ ತರಬೇತಿಯಿಂದ, ಸಾಲದಿಂದ ತಪ್ಪಿಸಿಕೊಳ್ಳಲು ಪರವಾನಗಿ ಇಲ್ಲದೇ ಹೊರಟವರಿದ್ದರು. ಅಂಥವರನ್ನು ಕೆಲವು ವರ್ಷ ಕಾದು "ಇಲ್ಲಿ ಇಲ್ಲದವರು" ಎಂಬ ಬೇರೆ ಪಟ್ಟಿಗೆ ಹಾಕುತ್ತಿದ್ದರು. ಪುಸ್ತಕದ ಕೊನೆಯ ಪುಟಗಳಲ್ಲಿ ಆ ಪಟ್ಟಿ ನೋಡಿ.

ಇನ್ನೊಂದು ಉಪಾಯ, ಸ್ವೀಡನ್ನಿನಲ್ಲೇ ಉಳಿದ ಒಡಹುಟ್ಟಿದವರನ್ನು ಹಿಡಿಯುವುದು. ಅಲ್ಲಿನ ವಂಶಾವಳಿ ಸಂಘಗಳ ಒಕ್ಕೂಟ ಸ್ವೀಡನ್ನಿನಲ್ಲಿ ಸತ್ತವರ ದೊಡ್ಡ ಸೂಚಿಯನ್ನು ಮಾರುತ್ತದೆ. ಹುಟ್ಟಿದ ದಿನ, ಪ್ಯಾರಿಷ್ ಕೊಟ್ಟು ಅದರಲ್ಲಿ ಹುಡುಕಬಹುದು. ಅಕ್ಕನ ಜನನದ ಸಾಲು ಸಿಕ್ಕರೆ ತಮ್ಮನ ಮನೆ ಸಿಕ್ಕ ಹಾಗೆಯೇ.

ಹಂತ 9: ಇವರೇ ಅವರು ಅಂತ ಖಚಿತ ಮಾಡಿಕೊಳ್ಳಿ

ನಾನು ತಪ್ಪಿದ್ದು ಇಲ್ಲಿ. ಹೆಸರು ಸರಿ, ವರ್ಷ ಸರಿ, ಜಿಲ್ಲೆ ಸರಿ ಅಂತ ಒಂದು ಮಗುವನ್ನು ಹಿಡಿದು ಹಿಂದಿನ ನಾಲ್ಕು ತಲೆಮಾರು ಬರೆದೆ. ಮೊಮ್ಮಗ ಅದನ್ನು ಬಣ್ಣದ ಹಾಳೆಯಲ್ಲಿ ಬರೆದು ಶಾಲೆಗೂ ಒಯ್ದ. ಆಮೇಲೆ ಮರಣದ ಪುಸ್ತಕ ತೆಗೆದರೆ ಆ ಮಗು ನಾಲ್ಕನೇ ವಯಸ್ಸಿಗೇ ತೀರಿಕೊಂಡಿತ್ತು. ನಾನು ಬರೆದದ್ದು ಬೇರೆ ಯಾರದೋ ಮನೆ.

ಹಾಗಾಗಿ ಜನನದ ಸಾಲು ಸಿಕ್ಕ ಕೂಡಲೇ ಮುಂದಿನ ಹತ್ತು ವರ್ಷದ 'ಎಫ್' ಪುಸ್ತಕ ನೋಡಿ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯೂ ಅಲ್ಲಿತ್ತು, ಅದನ್ನೂ ಗಮನಿಸಿ. ಆಮೇಲೆ ಮನೆವಾರು ಪುಸ್ತಕದಲ್ಲಿ ಆ ಮಗುವನ್ನು ಸಂಪುಟದಿಂದ ಸಂಪುಟಕ್ಕೆ ಹಿಂಬಾಲಿಸಿ. ಕೂಲಿಗೆ ಬೇರೆ ಪ್ಯಾರಿಷ್‌ಗೆ ಹೋದರೆ ನೀವೂ ಅಲ್ಲಿಗೆ ಹೋಗಿ. ಅಮೆರಿಕಕ್ಕೆ ಹೊರಟ ದಿನದವರೆಗೆ ಒಂದು ಕೊಂಡಿಯೂ ಬಿಡಬೇಡಿ. ಹೊರಟ ದಿನ ಹಡಗಿನ ಪಟ್ಟಿಯ ದಿನಕ್ಕೆ ಹತ್ತಿರ ಇರಬೇಕು. ಹುಟ್ಟಿದ ದಿನ ಅಮೆರಿಕದ ಚರ್ಚಿನ ಪುಸ್ತಕಕ್ಕೆ ಹೊಂದಬೇಕು. ಒಡಹುಟ್ಟಿದವರ ಹೆಸರು ಕಾಗದ ಪತ್ರದಲ್ಲಿ ಕಂಡವರಿಗೆ ಹೊಂದಬೇಕು.

ಆನ್‌ಲೈನಿನಲ್ಲಿ ಬೇರೆಯವರು ಹಾಕಿದ ವಂಶವೃಕ್ಷ ಸಿಕ್ಕರೆ ಸುಳಿವು ಅಂತ ಬಳಸಿ, ಸಾಕ್ಷಿ ಅಂತ ಅಲ್ಲ. ಇಪ್ಪತ್ತು ಮಂದಿ ಒಂದೇ ತಪ್ಪನ್ನು ನಕಲು ಮಾಡಿದರೂ ಅದು ತಪ್ಪೇ. ಡಿಎನ್‌ಎ ಪರೀಕ್ಷೆ ಮಾಡಿಸುವುದಿದ್ದರೆ ಮನೆಯ ಅತಿ ಹಿರಿಯರದ್ದು ಮಾಡಿಸಿ, ಅವರ ಒಪ್ಪಿಗೆ ಕೇಳಿ.

ಹಂತ 10: ಊರಿನವರಿಗೆ ಬರೆಯುವುದು

ಹೊಲಮನೆಯ ಹೆಸರು ಖಚಿತವಾದ ಮೇಲೆ ಸ್ವೀಡನ್ನಿನ ಭೂಮಾಪನ ಇಲಾಖೆಯ ಹಳೇ ಸರ್ವೆ ನಕ್ಷೆಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು. ಮನೆ ಎಲ್ಲಿತ್ತು, ಹೊಲ ಎಷ್ಟು ಚೂರಾಗಿತ್ತು ಅಂತ ಕಾಣುತ್ತದೆ. ಹೆಚ್ಚಿನ ಪ್ಯಾರಿಷ್‌ಗಳಲ್ಲಿ ಊರಿನ ಹಳೆಯದನ್ನು ಕಾಪಾಡುವ ಸಂಘ ಇರುತ್ತದೆ. ಅದರ ಹೆಸರು ಹೆಂಬಿಗ್ಡ್ಸ್‌ಫೋರೆನಿಂಗ್. ಅವರಿಗೆ ಇಂಗ್ಲಿಷಿನಲ್ಲೇ ಬರೆಯಿರಿ, ಚಿಕ್ಕದಾಗಿ. ಹೋದವರ ಸ್ವೀಡಿಷ್ ಹೆಸರು, ಹುಟ್ಟಿದ ದಿನ, ಹೊಲಮನೆ, ಹೊರಟ ವರ್ಷ, ಅಮೆರಿಕದಲ್ಲಿ ನೆಲೆಸಿದ ಊರು ಇಷ್ಟು ಇರಲಿ. ಪ್ಯಾರಿಷ್ ಪುಸ್ತಕದ ಪುಟಸಂಖ್ಯೆ ಹಾಕಿದರೆ ಅವರು ಅದೇ ಪುಟ ತೆರೆದು ನೋಡುತ್ತಾರೆ. ಈಗ ಬದುಕಿರುವ ನಿಮ್ಮ ಮನೆಯವರ ಹುಟ್ಟಿದ ದಿನ, ವಿಳಾಸ ಕಳಿಸಬೇಡಿ. ಅಲ್ಲಿ ಬದುಕಿರುವವರ ವಿವರವನ್ನೂ ಅವರಾಗಿ ಕೊಟ್ಟರೆ ಮಾತ್ರ ಇಟ್ಟುಕೊಳ್ಳಿ.

ಕಾಗದದ ಜೊತೆ ಮೊದಲ ಹಂತದಲ್ಲಿ ಸ್ಕ್ಯಾನ್ ಮಾಡಿದ ಆ ಹಳೇ ಫೋಟೊ ಇಡಿ, ಹಿಂಭಾಗದ್ದೂ ಸೇರಿಸಿ. ನಾವು ಕಳಿಸಿದ್ದ ಫೋಟೊದ ಇನ್ನೊಂದು ಪ್ರತಿ ಅಲ್ಲಿ ಒಬ್ಬರ ಆಲ್ಬಮ್ಮಿನಲ್ಲಿತ್ತು. ಕೆಳಗೆ ಪೆನ್ಸಿಲ್ಲಿನಲ್ಲಿ ಮುತ್ತಜ್ಜಿಯ ಹೆಸರು ಬರೆದಿತ್ತು, 'ದೊತ್ತೆರ್' ಸಮೇತ.